ರಿಸೀವರ್ ನೇಮಕ: ಶಿಥಿಲ ಬಾಡಿಗೆ ಕಟ್ಟಡಗಳು

ವ್ಯಾಜ್ಯದಲ್ಲಿರುವ ಆಸ್ತಿಯನ್ನು ಕಾಪಾಡಲು ನ್ಯಾಯಾಲಯ ನೇಮಿಸುವ ವ್ಯಕ್ತಿಯೇ ರಿಸೀವರ್. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 40, ನಿಯಮ 1 ಇದಕ್ಕೆ ಆಧಾರ. ಬಾಡಿಗೆ ವಸೂಲಿ, ನಿರ್ವಹಣೆ, ಸಂರಕ್ಷಣೆಯ ಅಧಿಕಾರ ಇವರಿಗೆ ಸಿಗಬಹುದು; ಭದ್ರತೆ ಕೊಟ್ಟು, ನ್ಯಾಯಾಲಯಕ್ಕೆ ಲೆಕ್ಕ ಒಪ್ಪಿಸಬೇಕು. ಸ್ವಾಧೀನದಲ್ಲಿರುವವರನ್ನು ತೆರವುಗೊಳಿಸುವ ಹಕ್ಕು ದಾವೆಯ ಪಕ್ಷಗಾರರಿಗೇ ಇಲ್ಲದಿದ್ದರೆ, ರಿಸೀವರ್ ನೇಮಕದ ಮೂಲಕವೂ ಅವರನ್ನು ಹೊರಹಾಕುವಂತಿಲ್ಲ. ಬಾಡಿಗೆದಾರರಿಗೆ ಇದು ದೊಡ್ಡ ರಕ್ಷಣೆ.

ಅಮೆರಿಕದ ಮ್ಯಾಸಚೂಸೆಟ್ಸ್, ನ್ಯೂಜೆರ್ಸಿಗಳಲ್ಲಿ ವಾಸಯೋಗ್ಯವಲ್ಲದ ಬಾಡಿಗೆ ಮನೆಗಳಿಗೆಂದೇ ರಿಸೀವರ್ ನೇಮಿಸುವ ಕಾನೂನಿದೆ. ನಮ್ಮಲ್ಲಿ ರಿಸೀವರ್ ಕಾಣಿಸಿಕೊಳ್ಳುವುದು ಹೆಚ್ಚಾಗಿ ಪಾಲು, ಒಡೆತನದ ದಾವೆಗಳಲ್ಲಿ. ಹೀಗಾಗಿ ಮೈಸೂರು ಜಿಲ್ಲೆಯ ನಂಜನಗೂಡು, ತಿ. ನರಸೀಪುರಗಳಂಥ ಊರುಗಳಲ್ಲಿ ಅಪಾಯದ ಕಟ್ಟಡಕ್ಕೆ ನೋಟಿಸ್ ಕೊಡುವ, ಕೆಡವಿಸುವ ಹೊಣೆ 1964ರ ಕರ್ನಾಟಕ ಪುರಸಭೆಗಳ ಅಧಿನಿಯಮದಡಿ ಸ್ಥಳೀಯ ಸಂಸ್ಥೆಗಳದ್ದು. ಎರಡೂ ಊರು ಕಪಿಲಾ ನದಿಯ ದಡದಲ್ಲಿವೆ. ನೆರೆ ನೀರು ನಿಂತ ಹಳೆಯ ಮಣ್ಣಿನ ಗೋಡೆ ದಾವೆ ಮುಗಿಯುವವರೆಗೆ ಕಾಯುವುದಿಲ್ಲ. ಆದ್ದರಿಂದ ಪುರಾಡಳಿತದ ತಪಾಸಣೆಯೇ ಇಲ್ಲಿ ಮುಖ್ಯ. ಶಿಥಿಲ ಕಟ್ಟಡದ ಅಪಾಯಕ್ಕೆ ಒಂದು ಉದಾಹರಣೆ: ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ನಾಲ್ವರು ಸತ್ತರು.

ಮಾಲೀಕ ತಾನು ಮಾಡಬೇಕಾದ ದುರಸ್ತಿಯನ್ನು ನೋಟಿಸಿನ ನಂತರವೂ ಮಾಡದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಕರಾರಿನಲ್ಲಿ ಬೇರೆ ಷರತ್ತಿಲ್ಲದಿದ್ದರೆ, 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 108ನೇ ಪ್ರಕರಣ ಕೊಡುವ ಹಕ್ಕಿದು.