ಸನ್‌ರೂಫ್ ಗಾಜಿನ ಬದಲಾವಣೆ: ಅಘನಾಶಿನಿ ಕರಾವಳಿಯಲ್ಲಿ

ಕಾರಿನ ಮಾಡಿನ ಗಾಜು ಪುಡಿಯಾದಾಗ ಅದರ ಚೂರುಗಳನ್ನು ತೆಗೆದು, ಗಾಜು ಜಾರುವ ಹಳಿಗಳನ್ನೂ ನೀರು ಹರಿಯುವ ಕೊಳವೆಗಳನ್ನೂ ಶುಚಿಗೊಳಿಸಿ, ಹೊಸ ಫಲಕ ಕೂರಿಸಿ ಮಟ್ಟ ಹೊಂದಿಸುವ ದುರಸ್ತಿ ಕೆಲಸಕ್ಕೆ ಸನ್‌ರೂಫ್ ಗಾಜಿನ ಬದಲಾವಣೆ ಎನ್ನುತ್ತಾರೆ. ಉತ್ತರ ಕನ್ನಡದ ಕುಮಟಾ, ಹೊನ್ನಾವರ, ಭಟ್ಕಳ ತಾಲ್ಲೂಕುಗಳಲ್ಲಿ ಈ ಕೆಲಸಕ್ಕೆ ಬಯಲುಸೀಮೆಯಲ್ಲಿ ಇಲ್ಲದ ಒಂದು ಬಿಗಿ ಇದೆ. ಇಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಒಣ ಊರಿನಲ್ಲಿ ವರ್ಷಗಟ್ಟಲೆ ಗೊತ್ತಾಗದೆ ಉಳಿಯುವ ಅರೆಬರೆ ಕೆಲಸ ಅಘನಾಶಿನಿ ನದಿಯ ದಂಡೆಯಲ್ಲಿ ಮೊದಲ ಮಳೆಗೇ ಸೀಟಿನ ಮೇಲೆ ತೊಟ್ಟಿಕ್ಕುತ್ತದೆ. ಹೀಗಾಗಿ ಈ ಸೀಮೆಯಲ್ಲಿ ಗಾಜು ಹಾಕಿದ್ದು ಸರಿಯಾಗಿದೆಯೇ ಎಂದು ನೋಡುವವರು ಗಾಜಿಗಿಂತ ಮೊದಲು ನೀರಿನ ದಾರಿಯನ್ನು ನೋಡಬೇಕು.

ಹಿನ್ನೆಲೆ

ಕಾರಿನ ಮಾಡು ತೆರೆಯುವ ಏರ್ಪಾಡು ಹಳೆಯದು. ಜರ್ಮನಿಯ ವೆಬಾಸ್ಟೊ ಕಂಪನಿ 1930ರ ದಶಕದಲ್ಲೇ ಮಡಚುವ ಮಾಡುಗಳನ್ನು ತಯಾರಿಸುತ್ತಿತ್ತು. ಭಾರತದಲ್ಲಿ ಬಹುಕಾಲ ದುಬಾರಿ ಕಾರುಗಳಿಗಷ್ಟೇ ಸೀಮಿತವಾಗಿದ್ದ ಸನ್‌ರೂಫ್ ಕಳೆದ ದಶಕದಲ್ಲಿ ಮಧ್ಯಮ ಬೆಲೆಯ ಕಾರುಗಳಿಗೂ ಇಳಿಯಿತು. 2019ರ ಎಂಜಿ ಹೆಕ್ಟರ್, 2020ರ ಎರಡನೇ ಪೀಳಿಗೆಯ ಹ್ಯುಂಡೈ ಕ್ರೆಟಾ ಉದ್ದನೆಯ ಪನೋರಮಿಕ್ ಮಾಡು ತಂದವು. 2023ರ ಹ್ಯುಂಡೈ ಎಕ್ಸ್‌ಟರ್‌ನಂಥ ಸಣ್ಣ ಕಾರಿಗೂ ಸನ್‌ರೂಫ್ ಬಂತು. ವೆಬಾಸ್ಟೊ ಪುಣೆಯ ಬಳಿ, ಇನಾಲ್ಫಾ ಗೇಬ್ರಿಯಲ್ ಚೆನ್ನೈ ಬಳಿ ಇವನ್ನು ತಯಾರಿಸುತ್ತವೆ. ತೆಂಗಿನ ತೋಟದ ನಡುವಿನ ಮನೆಯಂಗಳಗಳಲ್ಲಿ ಗಾಜಿನ ಮಾಡಿನ ಕಾರುಗಳು ನಿಲ್ಲತೊಡಗಿದ್ದು ಹೀಗೆ.

ಗಾಜಿನ ಗುಣ

ಮುಂದಿನ ವಿಂಡ್‌ಸ್ಕ್ರೀನ್ ಕಲ್ಲೇಟಿಗೆ ಬಿರುಕು ಬಿಟ್ಟರೂ ಚೌಕಟ್ಟಿನಲ್ಲೇ ನಿಲ್ಲುತ್ತದೆ, ಸನ್‌ರೂಫ್ ಮಾತ್ರ ಒಮ್ಮೆಲೇ ಪುಡಿಯಾಗುತ್ತದೆ. ಇವೆರಡೂ ಬೇರೆ ಬೇರೆ ಬಗೆಯ ಗಾಜುಗಳಾಗಿರುವುದೇ ಇದಕ್ಕೆ ಕಾರಣ. ವಿಂಡ್‌ಸ್ಕ್ರೀನ್ ಲ್ಯಾಮಿನೇಟೆಡ್ ಗಾಜು: ಎರಡು ಹಾಳೆಗಳ ನಡುವೆ ಅಂಟುವ ಪ್ಲಾಸ್ಟಿಕ್ ಪದರವಿರುತ್ತದೆ. ಫ್ರಾನ್ಸಿನ ಎಡ್ವಾರ್ ಬೆನೆಡಿಕ್ಟಸ್ 1909ರಲ್ಲಿ ಈ ಬಗೆಯ ಗಾಜಿಗೆ ಪೇಟೆಂಟ್ ಪಡೆದರು. ವಿಂಡ್‌ಸ್ಕ್ರೀನ್ ಲ್ಯಾಮಿನೇಟೆಡ್ ಆಗಿರಲೇಬೇಕು ಎಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮ ಹೇಳುತ್ತದೆ. ಸನ್‌ರೂಫ್‌ಗೆ ಹೆಚ್ಚಾಗಿ ಬಳಸುವುದು ಟಫನ್ಡ್ ಗಾಜು. ಇದನ್ನು 600 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯಿಸಿ ಗಾಳಿ ಹಾಯಿಸಿ ತಟ್ಟನೆ ತಣಿಸುತ್ತಾರೆ. ಹೊರಮೈ ಮೊದಲು ಗಟ್ಟಿಯಾಗುತ್ತದೆ. ಒಳಭಾಗ ನಿಧಾನವಾಗಿ ತಣಿದು ಕುಗ್ಗುವಾಗ ಹೊರಮೈಯನ್ನು ಒತ್ತಿ ಹಿಡಿಯುತ್ತದೆ, ತಾನು ಎಳೆತದಲ್ಲಿ ಉಳಿಯುತ್ತದೆ. ಈ ಒತ್ತಡದ ಬಲದಿಂದ ಅದು ಸಾಮಾನ್ಯ ಗಾಜಿಗಿಂತ ನಾಲ್ಕೈದು ಪಟ್ಟು ಗಟ್ಟಿ. ಆದರೆ ಬಿರುಕು ಒಮ್ಮೆ ಒಳಗಿನ ಎಳೆತದ ಪದರ ಮುಟ್ಟಿತೆಂದರೆ ಸಂಗ್ರಹವಾಗಿದ್ದ ಬಲವೆಲ್ಲ ಬಿಡುಗಡೆಯಾಗಿ ಇಡೀ ಫಲಕ ಕಾಳುಕಾಳಾಗುತ್ತದೆ. ಹೀಗಾಗುವುದು ದೋಷವಲ್ಲ, ಬೇಕೆಂದೇ ಮಾಡಿದ ಏರ್ಪಾಡು. ವಿಶ್ವಸಂಸ್ಥೆಯ 43ನೇ ವಾಹನ ನಿಯಮದ ಪ್ರಕಾರ ಒಡೆದ ಟಫನ್ಡ್ ಗಾಜಿನ ಯಾವುದೇ 5 ಸೆಂಟಿಮೀಟರ್ ಚೌಕದಲ್ಲಿ ಕನಿಷ್ಠ 40 ಚೂರುಗಳಿರಬೇಕು. ದೊಡ್ಡ ಮೊನಚು ತುಂಡುಗಳು ಪ್ರಯಾಣಿಕರ ಮೇಲೆ ಬೀಳಬಾರದೆಂಬುದೇ ಉದ್ದೇಶ. ಭಾರತದಲ್ಲಿ ವಾಹನದ ಸುರಕ್ಷಾ ಗಾಜಿಗೆ ಐಎಸ್ 2553 ಮಾನಕವಿದೆ.

ಈಚಿನ ಕೆಲವು ಪನೋರಮಿಕ್ ಮಾಡುಗಳಿಗೆ ಲ್ಯಾಮಿನೇಟೆಡ್ ಗಾಜನ್ನೇ ಹಾಕುತ್ತಾರೆ. ಅದು ಒಡೆದರೂ ಜಾಗ ಬಿಡುವುದಿಲ್ಲ. ಒಂದು ಬಗೆಯ ಗಾಜಿದ್ದ ಕಡೆ ಇನ್ನೊಂದು ಬಗೆಯದನ್ನು ಕೂರಿಸಬಾರದು. ದಪ್ಪ, ತೂಕ, ಬಾಗು ಮೂರೂ ಬೇರೆಯಾಗಿ ಮೋಟರ್‌ಗೂ ಅಂಚಿನ ರಬ್ಬರ್ ಬೀಡಿಂಗ್‌ಗೂ ಹೊಂದುವುದಿಲ್ಲ.

ಒಡೆಯುವ ಕಾರಣಗಳು

ಈ ಕರಾವಳಿಯಲ್ಲಿ ಮೊದಲು ಹೆಸರಿಸಬೇಕಾದದ್ದು ತೆಂಗಿನಕಾಯಿ. ಸಿಪ್ಪೆಸಹಿತ 1.2 ಕಿಲೋ ತೂಗುವ ಕಾಯಿ 15 ಮೀಟರ್ ಎತ್ತರದಿಂದ ಬಿದ್ದರೆ ಮಾಡಿಗೆ ತಗಲುವ ಹೊತ್ತಿಗೆ ಅದರ ವೇಗ ಗಂಟೆಗೆ ಸುಮಾರು 60 ಕಿಲೋಮೀಟರ್ ಆಗಿರುತ್ತದೆ. ಟಫನ್ಡ್ ಗಾಜಿನ ಪರೀಕ್ಷೆಯಲ್ಲಿ 227 ಗ್ರಾಂ ತೂಕದ ಉಕ್ಕಿನ ಗುಂಡನ್ನು ಬೀಳಿಸುವುದು ತೆಳು ಗಾಜಿಗೆ 2 ಮೀಟರ್, ದಪ್ಪ ಗಾಜಿಗೆ 2.5 ಮೀಟರ್ ಎತ್ತರದಿಂದ. 2 ಮೀಟರಿನಿಂದ ಬೀಳುವ ಗುಂಡಿಗೆ ಹೋಲಿಸಿದರೆ ತೆಂಗಿನಕಾಯಿ ತರುವ ಶಕ್ತಿ ಸುಮಾರು 40 ಪಟ್ಟು. ಅಂಥ ಏಟು ತಡೆಯಲೆಂದು ಯಾವ ಸನ್‌ರೂಫನ್ನೂ ಮಾಡಿರುವುದಿಲ್ಲ. ಒಣಗಿದ ಮಡಲು ಕಾಯಿಯಷ್ಟು ಗಟ್ಟಿಯಲ್ಲದಿದ್ದರೂ ಅದರ ಬುಡದ ಭಾಗ ಭಾರವಾಗಿದ್ದು ಅಂಚಿಗೆ ಬಡಿದರೆ ಗಾಜು ಉಳಿಯುವುದು ಕಷ್ಟ. ಮಳೆಗಾಲದ ಗಾಳಿಗೆ ಇವೆರಡೂ ಉದುರುತ್ತವೆ. ಕಾಯಿ ಕೊಯ್ಯಿಸದ ಮರದಡಿ ಗಾಜಿನ ಮಾಡಿನ ಕಾರು ನಿಲ್ಲಿಸಬಾರದು ಎಂಬುದರಲ್ಲಿ ಎರಡನೇ ಮಾತಿಲ್ಲ.

ರಾಷ್ಟ್ರೀಯ ಹೆದ್ದಾರಿ 66 ಈ ಮೂರೂ ತಾಲ್ಲೂಕುಗಳನ್ನು ಹಾದುಹೋಗುತ್ತದೆ. ಜಲ್ಲಿ, ಚಿರೆಕಲ್ಲು ಹೇರಿದ ಟಿಪ್ಪರ್‌ಗಳ ಹಿಂದೆ ಹತ್ತಿರ ಸಾಗುವ ಕಾರಿನ ಮೇಲೆ ಕಲ್ಲು ಸಿಡಿಯಬಹುದು. ಕುಮಟಾ–ಶಿರಸಿ ನಡುವಿನ ದೇವಿಮನೆ ಘಟ್ಟ, ಹೊನ್ನಾವರದಿಂದ ಸಾಗರಕ್ಕೆ ಏರುವ ಗೇರುಸೊಪ್ಪೆ ಘಟ್ಟಗಳಲ್ಲಿ ಮಳೆಗಾಲದಲ್ಲಿ ಧರೆಯಿಂದ ಕಲ್ಲು ಉರುಳುವುದುಂಟು. ಕಲ್ಲೇಟು ಗಾಜನ್ನು ಆಗಲೇ ಒಡೆಯಬೇಕೆಂದಿಲ್ಲ. ಅಂಚಿನಲ್ಲಿ ಸಣ್ಣ ಗಾಯ ಮಾಡಿ ಬಿಟ್ಟರೆ ವಾರಗಳ ನಂತರ ಗುಂಡಿಗೆ ಹಾರಿದ ಕುಲುಕಿಗೆ ಫಲಕ ಪುಡಿಯಾಗಬಹುದು.

ಯಾವ ಏಟೂ ಇಲ್ಲದೆ ಒಡೆಯುವುದೂ ನಿಜ. ಗಾಜು ಕರಗಿಸುವಾಗ ನಿಕಲ್ ಸಲ್ಫೈಡಿನ ಅತಿಸಣ್ಣ ಕಣ ಸೇರಿಕೊಂಡರೆ, ತಟ್ಟನೆ ತಣಿಸುವಾಗ ಅದು ಬಿಸಿಯಲ್ಲಿದ್ದ ರೂಪದಲ್ಲೇ ಸಿಕ್ಕಿಬೀಳುತ್ತದೆ. ತಿಂಗಳುಗಳು ಅಥವಾ ವರ್ಷಗಳ ಮೇಲೆ ಅದು ತನ್ನ ಸಹಜ ರೂಪಕ್ಕೆ ಮರಳುತ್ತ ಸ್ವಲ್ಪ ಉಬ್ಬುತ್ತದೆ. ಕಣವು ಎಳೆತದ ಪದರದಲ್ಲಿದ್ದರೆ ಆ ಉಬ್ಬೇ ಬಿರುಕಿಗೆ ಸಾಕು. ಜೋಡಣೆಯ ತಪ್ಪಿನಿಂದಲೂ ಹೀಗಾಗುತ್ತದೆ: ಹ್ಯುಂಡೈ ವೆಲೋಸ್ಟರ್ ಕಾರಿನ 2012ರ ಮಾದರಿಗಳನ್ನು ಅಮೆರಿಕದಲ್ಲಿ ವಾಪಸ್ ಕರೆದದ್ದು ಜೋಡಿಸುವಾಗಲೇ ಪನೋರಮಿಕ್ ಗಾಜು ದುರ್ಬಲವಾಗಿರಬಹುದೆಂಬ ಕಾರಣಕ್ಕೆ. ಬಿಸಿಲಿಗೆ ಕಾದ ಗಾಜಿನ ಮೇಲೆ ಮಳೆ ಬಿದ್ದು ಒಡೆಯಿತು ಎಂಬ ಮಾತು ಊರಲ್ಲಿ ಬಹಳ ಕೇಳಿಬರುತ್ತದೆ. ಅದನ್ನು ಹಾಗೇ ಒಪ್ಪಲಾಗದು. ಗಾಯವಿಲ್ಲದ ಟಫನ್ಡ್ ಗಾಜು ಸುಮಾರು 200 ಡಿಗ್ರಿಯ ತಾಪವ್ಯತ್ಯಾಸ ತಡೆಯಬಲ್ಲದು. ಏಪ್ರಿಲ್ ಬಿಸಿಲೂ ಮೊದಲ ಮಳೆಯೂ ಸೇರಿ ಅಷ್ಟು ಅಂತರ ತರಲಾರವು. ಹಾಗೆ ಒಡೆದ ಗಾಜಿನಲ್ಲಿ ಮೊದಲೇ ಗಾಯವಿತ್ತು ಎಂದೇ ಎಣಿಸಬೇಕು.

ಒಡೆದ ಕೂಡಲೇ

ಸನ್‌ರೂಫಿನ ಗುಂಡಿ ಮುಟ್ಟಬಾರದು. ತೆರೆಯಲು ಹೋದರೆ ಚೂರುಗಳು ಹಳಿಯೊಳಗೆ ಅರೆದು ಕೇಬಲ್, ಜಾರುಗಟ್ಟೆ ಎರಡನ್ನೂ ಕೆಡಿಸುತ್ತವೆ, ಗಾಜಿನಷ್ಟಕ್ಕೇ ಮುಗಿಯಬೇಕಿದ್ದ ಖರ್ಚು ಇಡೀ ಚೌಕಟ್ಟಿನವರೆಗೆ ಬೆಳೆಯುತ್ತದೆ. ಒಳಗಿನ ಪರದೆಯನ್ನು ಕೈಯಿಂದ ಎಳೆಯುವಂತಿದ್ದು ಅದು ತೆರೆದಿದ್ದರೆ ಮೆಲ್ಲನೆ ಮುಚ್ಚಬೇಕು. ಮೊದಲೇ ಮುಚ್ಚಿದ್ದರೆ ಅದರ ಮೇಲೆ ಚೂರುಗಳು ರಾಶಿಬಿದ್ದಿರುತ್ತವೆ, ಅದನ್ನು ಹಾಗೇ ಬಿಡಬೇಕು. ಕೈಗವಸು, ಕನ್ನಡಕ ಬೇಕೇ ಬೇಕು, ಏಕೆಂದರೆ ಕಾಳಿನಂಥ ಚೂರು ಕೈ ಕೊಯ್ಯುವುದಕ್ಕಿಂತ ಕಣ್ಣಿಗೆ ಬೀಳುವುದು ಹೆಚ್ಚು ಅಪಾಯ. ಏನನ್ನೂ ಗುಡಿಸುವ ಮೊದಲು ನಾಲ್ಕು ಕಡೆಯಿಂದ ಫೋಟೋ ತೆಗೆಯಬೇಕು. ಚೌಕಟ್ಟಿನ ಅಂಚಿನಲ್ಲಿ ಉಳಿದ ಗಾಜನ್ನು ಸಹ ಹತ್ತಿರದಿಂದ ತೆಗೆಯಬೇಕು. ನಿಕಲ್ ಸಲ್ಫೈಡಿನಿಂದ ಒಡೆದಿದ್ದರೆ ಬಿರುಕು ಹುಟ್ಟಿದ ಜಾಗದಲ್ಲಿ ಚಿಟ್ಟೆಯ ರೆಕ್ಕೆಗಳಂತೆ ಎರಡು ದೊಡ್ಡ ಚೂರುಗಳು ಅಂಟಿಕೊಂಡಂತೆ ಕಾಣುವುದುಂಟು. ವಾರಂಟಿಯ ವಾದ ಬಂದಾಗ ಆ ಫೋಟೋ ಬೇಕಾಗುತ್ತದೆ.

ನಂತರ ತಾಡಪಾಲು. ಮಾಡಿನ ತೂತಿಗಷ್ಟೇ ಪ್ಲಾಸ್ಟಿಕ್ ಹಾಳೆ ಅಂಟಿಸಿದರೆ ನಡುವೆ ನೀರು ನಿಂತು ಅದು ಒಳಕ್ಕೆ ಕುಸಿಯುತ್ತದೆ. ಹಾಳೆ ಇಡೀ ಮಾಡನ್ನು ದಾಟಿ ಬಾಗಿಲುಗಳ ಒಳಗೆ ಸಿಕ್ಕಿಕೊಳ್ಳುವಂತೆ ಹಾಕಿ, ಕಾರನ್ನು ಶೆಡ್ಡಿನಡಿ ನಿಲ್ಲಿಸುವುದೇ ಸುರಕ್ಷಿತ. ಹಾಗೆ ಹೊದಿಸಿಕೊಂಡು ಹೆದ್ದಾರಿಗೆ ಇಳಿಯಬಾರದು. ಕಾರು ಓಡುವಾಗ ಮಾಡಿನ ಮೇಲೆ ಗಾಳಿಯ ಒತ್ತಡ ಕಡಿಮೆಯಾಗಿ ಹಾಳೆ ಮೇಲಕ್ಕೆ ಸೆಳೆಯಲ್ಪಡುತ್ತದೆ, ಉಳಿದ ಚೂರುಗಳು ಹಿಂದೆ ಬರುವ ಬೈಕ್ ಸವಾರರ ಮುಖಕ್ಕೆ ಹಾರುತ್ತವೆ. ಹೊಸ ಫಲಕವನ್ನು ಚಾಸಿ ನಂಬರ್ ಕೊಟ್ಟು ಅಧಿಕೃತ ಸರ್ವಿಸ್ ಸೆಂಟರ್ ಮೂಲಕ ತರಿಸಬೇಕು. ಊರಿನ ಗ್ಲಾಸ್ ಅಂಗಡಿಯಲ್ಲಿ ಸಿಗುವ ಸರಕು ಇದಲ್ಲ. ಬಾಗು, ಬಣ್ಣ, ಅಂಚಿನ ರಬ್ಬರ್, ಕೆಳಗಿನ ಲೋಹದ ಬ್ರ್ಯಾಕೆಟ್ ಎಲ್ಲ ಸೇರಿ ಅದು ಒಂದೇ ಭಾಗವಾಗಿ ಕಾರ್ಖಾನೆಯಿಂದ ಬರುತ್ತದೆ. ಬರಲು ದಿನಗಳು ಹಿಡಿಯುತ್ತವೆ ಎಂದುಕೊಂಡೇ ಕಾರು ಎಲ್ಲಿ ನಿಲ್ಲಿಸುವುದೆಂದು ತೀರ್ಮಾನಿಸಬೇಕು.

ಬದಲಿಸುವ ಕೆಲಸ

ಗಾಜು ಕೂರಿಸುವುದಕ್ಕಿಂತ ಚೂರು ತೆಗೆಯುವುದಕ್ಕೇ ಹೆಚ್ಚು ಹೊತ್ತು ಬೇಕು. ವ್ಯಾಕ್ಯೂಮಿನಿಂದ ಹಳಿ, ನೀರುಗಾಲುವೆ, ಗಾಳಿತಡೆಯ ಜಾಲರಿ, ಸೀಟಿನ ಹೊಲಿಗೆ, ಬೆಲ್ಟ್ ಒಳಸೇರುವ ಸೀಳು, ಎ.ಸಿ. ಕಿಂಡಿ ಎಲ್ಲದರಿಂದಲೂ ಚೂರು ಎಳೆಯಬೇಕು. ಹಳಿಯ ಗ್ರೀಸಿನಲ್ಲಿ ಸಿಕ್ಕ ಗಾಜಿನ ಹುಡಿ ಗಾಳಿಗೆ ಬರುವುದಿಲ್ಲ. ಹಳೆಯ ಗ್ರೀಸನ್ನೇ ಬಟ್ಟೆಯಿಂದ ಒರೆಸಿ ತೆಗೆದು ಕಂಪನಿ ಹೇಳಿದ ಗ್ರೀಸ್ ಹಾಕಬೇಕು. ಈ ಹಂತದಲ್ಲಿ ಅವಸರ ಮಾಡಿದ ಮೆಕ್ಯಾನಿಕ್‌ನ ಕೆಲಸ ಕರಕರ ಸದ್ದಿನಲ್ಲಿ ಗೊತ್ತಾಗುತ್ತದೆ.

ತೆರೆಯುವ ಮುಂಗಾಜು ಹೆಚ್ಚಿನ ಕಾರುಗಳಲ್ಲಿ ಎರಡೂ ಬದಿಯ ಕೆಲವು ಟಾರ್ಕ್ಸ್ ಸ್ಕ್ರೂಗಳಲ್ಲಿ ನಿಂತಿರುತ್ತದೆ. ಬದಿಯ ಮುಚ್ಚಳ ತೆಗೆದು, ಸ್ಕ್ರೂ ಬಿಚ್ಚಿ, ಉಳಿದ ಚೌಕಟ್ಟನ್ನು ಮೇಲಕ್ಕೆತ್ತಿ ಹೊಸದನ್ನು ಇಳಿಸಬಹುದು. ಇದಕ್ಕೆ ರೂಫ್ ಲೈನಿಂಗ್ ಇಳಿಸಬೇಕಾಗಿಲ್ಲ. ಹಳಿ ಬಾಗಿದ್ದರೆ ಮಾತ್ರ ಅದನ್ನೆಲ್ಲ ಬಿಚ್ಚಬೇಕಾಗುತ್ತದೆ. ಕಾಯಿ ಬಿದ್ದು ಒಡೆದ ಕಾರಿನಲ್ಲಿ ಹಳಿ ನೇರವಾಗಿದೆಯೇ ಎಂದು ಮೊದಲೇ ನೋಡಬೇಕು. ಕಡಲ ಉಪ್ಪುಗಾಳಿ ಇಲ್ಲಿನ ಇನ್ನೊಂದು ತೊಡಕು. ಸಾಣಿಕಟ್ಟೆಯ ಉಪ್ಪಿನ ಆಗರಗಳಿರುವ ಈ ದಂಡೆಯಲ್ಲಿ ನಾಲ್ಕೈದು ವರ್ಷ ಹೊರಗೆ ನಿಂತ ಕಾರಿನ ಸ್ಕ್ರೂ ತುಕ್ಕು ಹಿಡಿದು ತಲೆ ಸವೆಯಬಹುದು. ಹೊಸ ಸ್ಕ್ರೂಗಳನ್ನೇ ಹಾಕುವುದು ಲೇಸು.

ಮಟ್ಟ ಹೊಂದಿಸುವುದು ಕೈಚಳಕದ ಭಾಗ. ಗಾಜಿನ ಮುಂದಿನ ಅಂಚು ಮಾಡಿಗೆ ಸಮವಾಗಿ ಅಥವಾ ಕೂದಲೆಳೆಯಷ್ಟು ತಗ್ಗಾಗಿ, ಹಿಂದಿನ ಅಂಚು ಸಮವಾಗಿ ಅಥವಾ ಅಷ್ಟೇ ಏರಾಗಿ ಇರಬೇಕು. ಮುಂದಿನ ಅಂಚು ಏರಾಗಿದ್ದರೆ ಗಾಳಿ ಸಿಳ್ಳೆ ಹಾಕುತ್ತದೆ, ಮಳೆ ಬೀಡಿಂಗ್‌ನೊಳಗೆ ನುಗ್ಗುತ್ತದೆ. ಆಮೇಲೆ ಮೋಟರಿಗೆ ಹೊಸ ಗಾಜಿನ ಮೊದಲು ಕೊನೆ ಕಲಿಸಬೇಕು, ಗ್ಯಾರೇಜಿನಲ್ಲಿ ಇದಕ್ಕೆ ‘ರೀಸೆಟ್’ ಎನ್ನುತ್ತಾರೆ. ಗುಂಡಿ ಒತ್ತಿ ಹಿಡಿದು ಮಾಡುವ ಈ ಕ್ರಮ ಕಾರಿನ ಕೈಪಿಡಿಯಲ್ಲೇ ಇರುತ್ತದೆ. ಇದನ್ನು ಬಿಟ್ಟರೆ ಗಾಜು ಅರ್ಧಕ್ಕೇ ನಿಲ್ಲಬಹುದು. ಮುಖ್ಯವಾಗಿ, ಮಗುವಿನ ಬೆರಳು ಸಿಕ್ಕಿದಾಗ ಹಿಂದೆ ಸರಿಯುವ ರಕ್ಷಣೆ ಕೆಲಸ ಮಾಡದಿರಬಹುದು.

ಪನೋರಮಿಕ್ ಮಾಡಿನ ಹಿಂಗಾಜು ಹಲವು ಕಾರುಗಳಲ್ಲಿ ತೆರೆಯುವುದಿಲ್ಲ, ಪಾಲಿಯುರಿಥೇನ್ ಅಂಟಿನಲ್ಲಿ ಕೂತಿರುತ್ತದೆ. ಹಳೆಯ ಅಂಟನ್ನು ತಂತಿಯಿಂದ ಕೊಯ್ದು, ಪ್ರೈಮರ್ ಹಚ್ಚಿ, ಹೊಸ ಅಂಟಿನಲ್ಲಿ ಗಾಜು ಇಳಿಸಬೇಕು. ಒಂದೇ ಭಾಗದ ಈ ಅಂಟು ಗಟ್ಟಿಯಾಗುವುದು ಗಾಳಿಯ ತೇವದಿಂದ, ಆದ್ದರಿಂದ ಕರಾವಳಿಯ ಹವೆ ಅದಕ್ಕೆ ಅನುಕೂಲವೇ. ಆದರೆ ಹಚ್ಚುವ ಮೈ ಪೂರ್ತಿ ಒಣಗಿರಬೇಕು. ಮಳೆಗಾಲದಲ್ಲಿ ತೆರೆದ ಶೆಡ್ಡಿನಲ್ಲಿ ಮಾಡುವ ಕೆಲಸ ಇದಲ್ಲ.

ನೀರಿನ ದಾರಿ

ಸನ್‌ರೂಫಿನ ಬೀಡಿಂಗ್ ನೀರನ್ನು ಪೂರ್ತಿ ತಡೆಯುತ್ತದೆ ಎಂದು ಬಹುಮಂದಿ ನಂಬಿದ್ದಾರೆ. ಅದನ್ನು ಹಾಗೆ ಮಾಡಿಯೇ ಇರುವುದಿಲ್ಲ. ಬೀಡಿಂಗ್ ದಾಟಿದ ನೀರು ಗಾಜಿನ ಸುತ್ತಲ ಕಾಲುವೆಗೆ ಬಿದ್ದು, ಸಾಮಾನ್ಯವಾಗಿ ನಾಲ್ಕು ಮೂಲೆಗಳ ಸಣ್ಣ ಕೊಳವೆಗಳಲ್ಲಿ ಇಳಿದು, ಮುಂದಿನ ಮತ್ತು ಹಿಂದಿನ ಕಂಬಗಳೊಳಗಿಂದ ಕಾರಿನ ಕೆಳಗೆ ಹೊರಬೀಳುತ್ತದೆ. ಒಡೆದ ಗಾಜಿನ ಕಾಳುಗಳು ಈ ಕೊಳವೆಗಳ ಬಾಯಿಗೇ ಹೋಗಿ ಕೂರುತ್ತವೆ. ಅವುಗಳ ಮೇಲೆ ಮಾವಿನ ಹೂವು, ಗಾಳಿಮರದ ಎಲೆ, ಕೆಮ್ಮಣ್ಣಿನ ಧೂಳು ಸೇರಿದರೆ ಮುಚ್ಚಳ ಹಾಕಿದಂತೆಯೇ. ನೀರು ಆಗ ಕಾಲುವೆ ತುಂಬಿ ರೂಫ್ ಲೈನಿಂಗ್‌ಗೆ ಇಳಿಯುತ್ತದೆ, ಕಂಬದ ಒಳಗಿಂದ ನೆಲಹಾಸಿನಡಿ ಸೇರಿ ವೈರಿಂಗ್ ಜೋಡಣೆಗಳನ್ನು ತುಕ್ಕುಗಟ್ಟಿಸುತ್ತದೆ, ಆಷಾಢದ ಹೊತ್ತಿಗೆ ಕಾರು ಬೂಸಲು ನಾರುತ್ತದೆ. ಆಗ ಗಾಜಿನ ಸುತ್ತ ಸಿಲಿಕೋನ್ ಹಚ್ಚಿ ಸೋರಿಕೆ ನಿಲ್ಲಿಸುವವರಿದ್ದಾರೆ. ಅದು ತಪ್ಪು ಚಿಕಿತ್ಸೆ. ಗಾಜು ತೆರೆಯದಂತಾಗುತ್ತದೆ, ಕೊಳವೆ ಕಟ್ಟಿಕೊಂಡೇ ಉಳಿಯುತ್ತದೆ.

ಕಾರು ಬಿಡಿಸಿಕೊಳ್ಳುವ ಮುನ್ನ ಮಾಲೀಕರು ಎದುರಿಗೇ ನಿಂತು ಒಂದು ಪರೀಕ್ಷೆ ಮಾಡಿಸಬೇಕು. ಸನ್‌ರೂಫ್ ತೆರೆದು ಕಾಲುವೆಯ ಒಂದೊಂದು ಮೂಲೆಗೂ ಸ್ವಲ್ಪ ಸ್ವಲ್ಪವೇ ನೀರು ಹೊಯ್ಯಬೇಕು. ಪ್ರತಿ ಮೂಲೆಯ ನೀರೂ ಕಾರಿನಡಿ ಹರಿದು ಬಂದರೆ ಕೊಳವೆ ತೆರೆದಿದೆ ಎಂದರ್ಥ. ಮುಚ್ಚಿದ ಮೇಲೆ ಪೈಪಿನಿಂದ ಮೆಲ್ಲನೆ ನೀರು ಹಾಯಿಸಿ ಲೈನಿಂಗ್ ಒಣಗಿದೆಯೇ ನೋಡಬೇಕು. ಕೊಳವೆ ಕಟ್ಟಿದ್ದರೆ ಜೋರು ಗಾಳಿ ಹೊಡೆಯಬಾರದು, ಒಳಗಿನ ಜೋಡಣೆ ಕಳಚಿಕೊಂಡು ನೀರು ಕಾರಿನೊಳಗೇ ಸುರಿಯುತ್ತದೆ. ಮೆದು ನೈಲಾನ್ ದಾರ ಇಳಿಸಿ ಬಿಡಿಸುವುದು ಒಳ್ಳೆಯದು.

ವಿಮೆ

ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದರೆ ಸ್ವಂತ ಕಾರಿನ ಗಾಜಿಗೆ ಏನೂ ಸಿಗುವುದಿಲ್ಲ. ಸಮಗ್ರ ವಿಮೆಯಲ್ಲಿ ಮರದಿಂದ ಕಾಯಿ ಬಿದ್ದದ್ದು, ಕಲ್ಲೇಟು ತಗುಲಿದ್ದು ಅಪಘಾತದ ಹಾನಿಯೆಂದು ಸೇರುತ್ತವೆ. ಬಿಡಿಭಾಗಗಳ ಸವಕಳಿ ಲೆಕ್ಕದಲ್ಲಿ ಗಾಜಿಗೆ ಕಡಿತವಿಲ್ಲ, ರಬ್ಬರ್ ಮತ್ತು ಪ್ಲಾಸ್ಟಿಕ್‌ಗೆ ಶೇ 50 ಕಡಿತವಿದೆ. ಹಾಗಾಗಿ ಗಾಜು, ಬೀಡಿಂಗ್, ಹಳಿಗಳನ್ನು ಬಿಲ್ಲಿನಲ್ಲಿ ಬೇರೆ ಬೇರೆ ಸಾಲಿನಲ್ಲಿ ಬರೆಸಬೇಕು. 1500 ಸಿಸಿವರೆಗಿನ ಕಾರಿಗೆ 1,000 ರೂಪಾಯಿ, ಅದಕ್ಕೂ ದೊಡ್ಡ ಎಂಜಿನ್‌ಗೆ 2,000 ರೂಪಾಯಿಯನ್ನು ಮಾಲೀಕರೇ ಭರಿಸಬೇಕು. ಕ್ಲೇಮ್ ಮಾಡಿದರೆ ಶೇ 20ರಿಂದ 50ರವರೆಗಿನ ನೋ ಕ್ಲೇಮ್ ಬೋನಸ್ ಕೈತಪ್ಪಬಹುದು. ಸಣ್ಣ ಫಲಕದ ಬಿಲ್ಲಾದರೆ ಈ ಎರಡನ್ನೂ ತೂಗಿ ನೋಡಬೇಕು. ಏಟಿಲ್ಲದೆ ತಾನಾಗಿ ಒಡೆದ ಗಾಜಿನ ವಿಷಯ ಬೇರೆ. ವಾರಂಟಿ ಅವಧಿಯೊಳಗಿದ್ದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಟ್ಟು ಒಡೆದ ಚೌಕಟ್ಟನ್ನು ಪರಿಶೀಲನೆ ಮುಗಿಯುವವರೆಗೆ ಎಸೆಯದೆ ಇಡುವಂತೆ ಸರ್ವಿಸ್ ಸೆಂಟರಿಗೆ ಬರವಣಿಗೆಯಲ್ಲೇ ಕೇಳಿಕೊಳ್ಳಬೇಕು.