ಆಯ್ಕೆಯ ನಂಟು: ಒಂದು ಸಮಾಜಶಾಸ್ತ್ರೀಯ ಪರಿಕಲ್ಪನೆ ನಡೆದುಬಂದ ದಾರಿ

ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ ಬಳಸಿದ ‘ವಾಲ್‌ಫೆರ್‌ವಾಂಟ್‌ಶಾಫ್ಟ್’ ಎಂಬ ಪದವನ್ನು ಕನ್ನಡದಲ್ಲಿ ‘ಆಯ್ಕೆಯ ನಂಟು’ ಎನ್ನಬಹುದು. ಎರಡು ಮನೆತನಗಳು ಒಪ್ಪಿ ಬೆಳೆಸುವ ನೆಂಟಸ್ತಿಕೆಯ ನೆನಪು ಈ ಮಾತಿನಲ್ಲಿ ಉಳಿದಿರುವುದರಿಂದ ಅದು ಮೂಲದ ಭಾವಕ್ಕೆ ಸಾಕಷ್ಟು ಹತ್ತಿರವಾಗಿದೆ. ಒಂದು ಧಾರ್ಮಿಕ ನಂಬಿಕೆಯೂ ಒಂದು ಆರ್ಥಿಕ ನಡವಳಿಕೆಯೂ ಬೇರೆ ಬೇರೆ ಮೂಲಗಳಿಂದ ಹುಟ್ಟಿ, ಒಳಗಿನ ಹೊಂದಿಕೆಯಿಂದಾಗಿ ಒಂದನ್ನೊಂದು ಸೆಳೆದು ಬಲಪಡಿಸುವ ಸಂಬಂಧಕ್ಕೆ ಇದು ಹೆಸರು.

ಪದ ಹುಟ್ಟಿದ್ದು ರಸಾಯನಶಾಸ್ತ್ರದಲ್ಲಿ. ಯಾವ ವಸ್ತು ಯಾವುದರೊಡನೆ ಹೆಚ್ಚು ಸುಲಭವಾಗಿ ಕೂಡುತ್ತದೆ ಎಂಬುದರ ಪಟ್ಟಿಯನ್ನು ಫ್ರಾನ್ಸಿನ ಎತಿಯೆನ್ ಜೆಫ್ರುವಾ 1718ರಲ್ಲಿ ಮಂಡಿಸಿದ್ದನು. ಸ್ವೀಡನ್ನಿನ ಟೊರ್ಬರ್ನ್ ಬರ್ಗ್‌ಮನ್ 1775ರ ಗ್ರಂಥದಲ್ಲಿ ಅದನ್ನು ವಿಸ್ತರಿಸಿ, ಕೂಡಿಕೊಂಡಿರುವ ಎರಡು ವಸ್ತುಗಳ ನಡುವೆ ಮೂರನೆಯದೊಂದು ಬಂದಾಗ ಹಳೆಯ ಜೋಡಿ ಒಡೆದು ಹೊಸದು ಏರ್ಪಡುವ ಬಗೆಯನ್ನು ವಿವರಿಸಿದನು. ಗಯಟೆ 1809ರ ತನ್ನ ಕಾದಂಬರಿಗೆ ಇದೇ ಪದವನ್ನು ಹೆಸರಾಗಿಟ್ಟು, ಸುಣ್ಣಕಲ್ಲು ಗಂಧಕಾಮ್ಲದೊಡನೆ ಸೇರಿ ಜಿಪ್ಸಂ ಆಗುವ ಕ್ರಿಯೆಯನ್ನು ದಂಪತಿಗಳಿಬ್ಬರ ಬಾಳಿನಲ್ಲಿ ಮತ್ತಿಬ್ಬರು ಪ್ರವೇಶಿಸುವ ಕಥೆಗೆ ಹಿನ್ನೆಲೆಯಾಗಿಸಿದನು. ವೆಬರನ ಕಾಲಕ್ಕೆ ಜರ್ಮನಿಯ ವಿದ್ಯಾವಂತರಿಗೆ ಪದದ ಈ ಎರಡೂ ಅರ್ಥಗಳು ಪರಿಚಿತವಾಗಿದ್ದವು. ಬಹುಶಃ ಆ ಕಾರಣದಿಂದಲೇ ಅವನು ಅದನ್ನು ಎಲ್ಲಿಯೂ ನಿರೂಪಿಸಲಿಲ್ಲ, ಮುಂದಿನ ಗೊಂದಲಗಳಿಗೆ ಬೀಜವೂ ಅಲ್ಲಿಯೇ ಬಿದ್ದಿತು.

1904-05ರಲ್ಲಿ ಪ್ರಕಟವಾದ ಪ್ರಾಟೆಸ್ಟೆಂಟ್ ನೀತಿಯ ಕುರಿತ ಪ್ರಬಂಧದಲ್ಲಿ ವೆಬರ್, ಬಂಡವಾಳಶಾಹಿಯು ಮತಸುಧಾರಣೆಯ ಸಂತಾನ ಎಂಬ ವಾದವನ್ನು ಸ್ಪಷ್ಟವಾಗಿ ತಳ್ಳಿಹಾಕಿ, ಕೆಲವು ಬಗೆಯ ನಂಬಿಕೆಗೂ ವೃತ್ತಿನೀತಿಗೂ ನಡುವೆ ಆಯ್ಕೆಯ ನಂಟುಗಳಿವೆಯೇ, ಇದ್ದರೆ ಯಾವ ಬಿಂದುಗಳಲ್ಲಿ ಎಂದಷ್ಟೇ ಪರಿಶೀಲಿಸಹೊರಟನು. ಅವನ ಈ ಎಚ್ಚರಿಕೆ ಅನುವಾದದಲ್ಲಿ ಕಳೆದುಹೋಯಿತು. 1930ರಲ್ಲಿ ಟಾಲ್ಕಟ್ ಪಾರ್ಸನ್ಸ್ ಇಂಗ್ಲಿಷಿನಲ್ಲಿ ಇದನ್ನು ಕೇವಲ ‘ಸಹಸಂಬಂಧ’ವೆಂದು ಅನುವಾದಿಸಿದ್ದರಿಂದ, ಪರಸ್ಪರ ಸೆಳೆತದ ಅರ್ಥ ಬರಿಯ ಜೊತೆಯಿರುವಿಕೆಯಾಗಿ ಬಡವಾಯಿತು. 1946ರಲ್ಲಿ ಗರ್ಥ್ ಮತ್ತು ಮಿಲ್ಸ್ ಮೂಲಪದಕ್ಕೆ ಹತ್ತಿರದ ರೂಪವನ್ನು ಮರಳಿ ತಂದು, ವಿಚಾರಗಳಿಗೂ ಹಿತಾಸಕ್ತಿಗಳಿಗೂ ನಡುವಿನ ಸಂಬಂಧದ ಕೀಲಿಯಾಗಿ ಅದನ್ನು ಓದಿದರು. ಆರ್ಥಿಕತೆಯೇ ಎಲ್ಲವನ್ನೂ ನಿರ್ಧರಿಸುತ್ತದೆ ಎಂಬ ನಿಲುವಿಗೂ ವಿಚಾರವೇ ಇತಿಹಾಸವನ್ನು ನಡೆಸುತ್ತದೆ ಎಂಬ ನಿಲುವಿಗೂ ಸಿಲುಕದ ದಾರಿ ಇದರಿಂದ ತೆರೆಯಿತು.

ಪರಿಕಲ್ಪನೆಯ ನಿಜವಾದ ಸತ್ವ ತೋರುವುದು ವೆಬರ್ ಅದನ್ನು ನಿರಾಕರಣೆಗೆ ಬಳಸಿದ ಕಡೆ. ರಷ್ಯಾದ ಕುರಿತ 1906ರ ಬರಹದಲ್ಲಿ, ಬೆಳೆದುನಿಂತ ಬಂಡವಾಳಶಾಹಿಗೂ ಪ್ರಜಾಪ್ರಭುತ್ವಕ್ಕೂ ಇಂಥ ನಂಟು ಇದೆಯೆಂದು ಭಾವಿಸುವುದು ಹಾಸ್ಯಾಸ್ಪದವೆಂದು ಅವನು ಹೇಳಿದನು. ಎರಡು ಸಂಗತಿಗಳು ಒಂದೇ ಕಾಲದಲ್ಲಿ ಕಂಡುಬಂದ ಮಾತ್ರಕ್ಕೆ ಅವುಗಳ ನಡುವೆ ಒಳಹೊಂದಿಕೆ ಇರಬೇಕಾಗಿಲ್ಲ ಎಂಬ ಈ ವಿವೇಚನೆಯನ್ನು, ಪದವನ್ನು ಸಡಿಲವಾಗಿ ಬಳಸುವ ಇಂದಿನ ಅಧ್ಯಯನಗಳು ಅನೇಕ ಸಲ ಮರೆಯುತ್ತವೆ.

ರಿಚರ್ಡ್ ಹೋವ್ 1978ರಲ್ಲಿ ಪದದ ವಂಶಾವಳಿಯನ್ನು ಕಾಂಟನ ತತ್ತ್ವಶಾಸ್ತ್ರದ ಹಿನ್ನೆಲೆಯಲ್ಲಿ ಪರಿಶೀಲಿಸಿದ ಬಳಿಕ ಚರ್ಚೆ ಗಂಭೀರವಾಯಿತು. ಮಿಶೆಲ್ ಲೊವಿ 1988ರಲ್ಲಿ ಮಧ್ಯ ಯುರೋಪಿನ ಯಹೂದಿ ಚಿಂತಕರನ್ನು ಅಧ್ಯಯನ ಮಾಡುತ್ತ, ಬರಿಯ ಸಾದೃಶ್ಯದಿಂದ ತೊಡಗಿ ಸೆಳೆತ, ಬೆಸುಗೆಗಳನ್ನು ದಾಟಿ ಹೊಸ ರೂಪವೊಂದರ ಹುಟ್ಟಿನವರೆಗೆ ಈ ನಂಟಿಗೆ ಹಲವು ಹಂತಗಳಿವೆಯೆಂದು ತೋರಿಸಿದನು. ವೆಬರ್ ಹೇಳದೆ ಬಿಟ್ಟುದನ್ನು ತುಂಬಿಕೊಟ್ಟ ಅತ್ಯಂತ ಫಲವತ್ತಾದ ಪ್ರಯತ್ನ ಇದೇ. 2010ರಲ್ಲಿ ಆಂಡ್ರ್ಯೂ ಮೆಕಿನನ್ ರಸಾಯನಶಾಸ್ತ್ರದ ರೂಪಕವನ್ನೇ ಮತ್ತೆ ಮುನ್ನೆಲೆಗೆ ತಂದನು. ಆ ರೂಪಕದಲ್ಲಿ ಕೂಡುವಿಕೆಯಷ್ಟೇ ಬಿಡುಗಡೆಗೂ ಸ್ಥಾನವಿದೆ: ಗೆದ್ದು ನಿಂತ ಬಂಡವಾಳಶಾಹಿಗೆ ಧರ್ಮದ ಆಸರೆ ಇನ್ನು ಬೇಕಿಲ್ಲವೆಂದು ವೆಬರ್ ತನ್ನ ಪ್ರಬಂಧದ ಕೊನೆಯಲ್ಲಿ ಬರೆದಾಗ ಅವನು ಕಂಡದ್ದು ಅಂಥ ಒಂದು ಜೋಡಿ ಕಳಚಿಕೊಂಡದ್ದನ್ನು.