ಪಟ್ಟ ಕಟ್ಟೋರು ಯಾರು?

ನಮ್ಮ ಕಂಬಂ ಕಣಿವೆಯ ಒಕ್ಕಲಿಗರ ಮನೆಗಳಲ್ಲಿ ಪಟ್ಟ ಅಂದ ಕೂಡಲೆ ನೆನಪಾಗೋದು ರಾಜರಲ್ಲ, ಹೋರಿ. ಕಂಬದಲ್ಲಿ ನಂದಗೋಪಾಲಸ್ವಾಮಿ ಹೆಸರಿನ ದೊಡ್ಡಿ ಇದೆಯಲ್ಲ, ತಮಿಳಿನವರು ತಂಬಿರಾನ್ ಮಾಡು ಅಂತಾರೆ, ನಮ್ಮ ಮಾತಿನಲ್ಲಿ ದೇವರ ಆವು. ಆ ದನಗಳ ಹಾಲು ಕರೆಯೋ ಹಾಗಿಲ್ಲ, ನೊಗಕ್ಕೆ ಕಟ್ಟೋ ಹಾಗಿಲ್ಲ. ಅದರಲ್ಲಿ ಒಂದು ಹೋರಿ ಪಟ್ಟದ ಆವು. ಅದು ಸತ್ತರೆ ಇನ್ನೊಂದಕ್ಕೆ ಪಟ್ಟ ಕಟ್ಟಬೇಕು. ಹಿಂಡಿನ ಮುಂದೆ ಕಬ್ಬಿನ ಹೊರೆ ಇಡ್ತಾರೆ. ಯಾವುದು ಮೊದಲು ಬಂದು ಕಬ್ಬಿಗೆ ಬಾಯಿ ಹಾಕುತ್ತೋ ಅದಕ್ಕೆ ಅರಿಶಿನ ಕುಂಕುಮ, ಹಾರ. 1909ರಲ್ಲಿ ಥರ್ಸ್ಟನ್ ಅನ್ನೋ ಬಿಳಿಯ ಅಧಿಕಾರಿ ಅಚ್ಚು ಹಾಕಿಸಿದ ಪುಸ್ತಕದಲ್ಲೂ ಈ ವಿಷಯ ಇದೆ, ನಾವೇನು ಕತೆ ಕಟ್ಟಿದ್ದಲ್ಲ. ಅದಕ್ಕಿಂತ ದಪ್ಪನೆಯ ಹೋರಿ ನಿಮ್ಮ ಕೊಟ್ಟಿಗೆಯಲ್ಲಿ ಇರಬಹುದು. ನೀವೇ ಹಾರ ಹಾಕಿ ಪಟ್ಟದ ಆವು ಅಂದರೆ ಊರು ನಗುತ್ತೆ.

ಜಮೀನಿಗೂ ಪಟ್ಟಾ ಅಂತೀವಿ. ಮೂರು ತಲೆಮಾರು ಉತ್ತು ಬಿತ್ತಿದರೂ ತಾಲೂಕು ಕಚೇರಿಯ ಕಾಗದ ಇಲ್ಲಾಂದ್ರೆ ಬ್ಯಾಂಕಿನವನು ಸಾಲ ಕೊಡಲ್ಲ. ಇನ್ನು ಕಾಲೇಜು ಓದಿ ಪಡೆಯೋ ಪದವಿಗೆ ತಮಿಳಿನಲ್ಲಿ ಪಟ್ಟಂ ಅಂತಲೇ ಹೆಸರು. ಮೂರಕ್ಕೂ ಒಂದೇ ಮಾತು ಯಾಕೆ ಬಂತು ಅಂತ ನಾನು ಯೋಚನೆ ಮಾಡಿದ್ದು ತಡವಾಗಿ, ನಮ್ಮ ಮನೆಯಲ್ಲೇ ಒಂದು ಪಟ್ಟ ಸುಳ್ಳಾದ ಮೇಲೆ.

ನಾನು ಏಳನೇ ಕ್ಲಾಸು ಓದಿದವನು, ಅದೂ ತಮಿಳಿನಲ್ಲಿ. ಕನ್ನಡ ಅಕ್ಷರ ಕಲಿತಿದ್ದು ಆಮೇಲೆ, ಬೆಂಗಳೂರಿನ ಹಣ್ಣಿನ ಮಂಡಿಯಲ್ಲಿ ಎರಡು ವರ್ಷ ಇದ್ದಾಗ, ಅಂಗಡಿ ಬೋರ್ಡು ಓದಿ ಓದಿ. ಹಾಗಾಗಿ ಬೋರ್ಡಿನ ಮೇಲೆ ನನಗೆ ಬಹಳ ನಂಬಿಕೆ. 2008ರಲ್ಲಿ ನನ್ನ ತಮ್ಮನ ಮಗ ಹನ್ನೆರಡನೇ ಕ್ಲಾಸು ಮುಗಿಸಿ ತೋಟಕ್ಕೆ ಬರೋನು. ಒಂದು ಪೇಟೆಯಲ್ಲಿ ಔಷಧಿ ಅಂಗಡಿ ಮೇಲಿನ ಮಹಡಿಯಲ್ಲಿ ದೊಡ್ಡ ಬೋರ್ಡು ನೋಡಿದೆ. ಬೇರೆ ರಾಜ್ಯದ ಒಂದು ವಿಶ್ವವಿದ್ಯಾಲಯದ ಹೆಸರು, ಕೆಳಗೆ ಓದು ಕೇಂದ್ರ ಅಂತ. ಮನೆಯಲ್ಲೇ ಓದಿ ಪದವಿ ಪಡೀಬಹುದು ಅಂದರು. "ದೊಡ್ಡಪ್ಪ, ಇದು ಸರಿಯಾಗಿರುತ್ತಾ?" ಅಂತ ಹುಡುಗ ಕೇಳಿದ. "ಇಷ್ಟು ದೊಡ್ಡ ಬೋರ್ಡು ಹಾಕಿದಾರೆ, ಸುಳ್ಳು ಹಾಕ್ತಾರಾ?" ಅಂದವನು ನಾನೇ. ಮೊದಲನೇ ವರ್ಷದ ಫೀಜು ಕಟ್ಟಿದ್ದೂ ನಾನೇ, ದ್ರಾಕ್ಷಿ ಮಾರಿದ ದುಡ್ಡಲ್ಲಿ.

ಮೂರು ವರ್ಷ ಓದಿದ. ಕಾಗದ ಬಂತು, ಚಿನ್ನದ ಬಣ್ಣದ ಮುದ್ರೆ. ಸರ್ಕಾರಿ ಕೆಲಸಕ್ಕೆ ಪರೀಕ್ಷೆ ಬರೆದು ಪಾಸೂ ಆದ. ಕಾಗದ ಪರಿಶೀಲನೆಗೆ ಕರೆದಾಗ ಅಲ್ಲಿದ್ದವರು ಆ ಹಾಳೆ ತಿರುಗಿಸಿ ನೋಡಿ ಪಕ್ಕಕ್ಕಿಟ್ಟರಂತೆ. ವಿಶ್ವವಿದ್ಯಾಲಯ ನಿಜವೇ, ಅದರ ರಾಜ್ಯದಲ್ಲಿ ಅದಕ್ಕೆ ಕಾನೂನೂ ಇದೆ, ಆದರೆ ಗಡಿ ದಾಟಿ ಇಲ್ಲಿ ಕೇಂದ್ರ ತೆರೆಯೋ ಹಕ್ಕು ಅದಕ್ಕಿಲ್ಲ, ಈ ಪಟ್ಟ ನಡೆಯೋದಿಲ್ಲ ಅಂದರು. ಹುಡುಗ ಮನೆಗೆ ಬಂದು ನನ್ನ ಹತ್ತಿರ ಒಂದು ಮಾತೂ ಜೋರಾಗಿ ಆಡಲಿಲ್ಲ. ಬೈದಿದ್ದರೆ ಎಷ್ಟೋ ಮೇಲಿತ್ತು.

ಅಲ್ಲಿಂದ ನಾನು ಕೇಳೋಕೆ ಶುರುಮಾಡಿದೆ. ಪಟ್ಟ ಕೊಡೋ ಹಕ್ಕು ಯಾರಿಗೆ, ಆ ಹಕ್ಕು ಅವರಿಗೆ ಕೊಟ್ಟಿದ್ದು ಯಾರು? ಹಾಡೋಕೆ ಹೋದ ಊರಲ್ಲೆಲ್ಲ ಮೇಷ್ಟ್ರುಗಳನ್ನ ಹಿಡಿದು ಕೂರಿಸಿ ಕೇಳಿದ್ದೇನೆ. ನಮ್ಮ ವಾಚನಾಲಯದ ಪುಸ್ತಕ, ಹಳೇ ಪತ್ರಿಕೆ ತಿರುವಿದ್ದೇನೆ. ಗೊತ್ತಾದದ್ದನ್ನ ಬರೀತೀನಿ.

ನಮ್ಮ ಕಡೆಗೆ ಮೊದಲ ವಿಶ್ವವಿದ್ಯಾಲಯ ಬಂದದ್ದು 1857ರಲ್ಲಿ, ಮದರಾಸಿನಲ್ಲಿ. ಕಲ್ಕತ್ತ, ಬೊಂಬಾಯಿಗೂ ಅದೇ ವರ್ಷ. ಉತ್ತರದಲ್ಲಿ ಸಿಪಾಯಿಗಳು ದಂಗೆ ಎದ್ದ ವರ್ಷವೂ ಅದೇ. ಬಡಿದಾಟದ ನಡುವೆಯೂ ಬಿಳಿಯರು ಕೂತು ಈ ಕಾನೂನು ಬರೆದಿದ್ದಾರೆ ನೋಡಿ. ಆಗ ವಿಶ್ವವಿದ್ಯಾಲಯ ಪಾಠ ಹೇಳ್ತಿರಲಿಲ್ಲ. ಪಾಠ ಕಾಲೇಜಿನದು, ಪರೀಕ್ಷೆ ಮಾಡಿ ಪಟ್ಟ ಕೊಡೋದು ಮಾತ್ರ ಮದರಾಸಿನದು. 1881ರಲ್ಲಿ ಮಧುರೆ ಪಕ್ಕದ ಪಸುಮಲೈಯಲ್ಲಿ ಅಮೆರಿಕದ ಪಾದ್ರಿಗಳು ಕಾಲೇಜು ತೆರೆದರು, ಅವರೂ ಮದರಾಸಿನ ಕೆಳಗೇ ಸೇರಬೇಕಾಯ್ತು. ಹೊಲ ನಿನ್ನದು, ಬೆಳೆ ನಿನ್ನದು, ತಕ್ಕಡಿ ಮಾತ್ರ ಸರ್ಕಾರದ್ದು ಅಂದ ಹಾಗೆ.

1904ರಲ್ಲಿ ಕರ್ಜನ್ ಪ್ರಭು ಇನ್ನೊಂದು ಕಾನೂನು ತಂದ. ಕಾಲೇಜುಗಳನ್ನ ಹೋಗಿ ತಪಾಸಣೆ ಮಾಡಬೇಕು, ಯಾವ ವಿಶ್ವವಿದ್ಯಾಲಯದ ಹಕ್ಕು ಎಲ್ಲಿವರೆಗೆ ಅಂತ ಎಲ್ಲೆ ಹಾಕಬೇಕು ಅಂತ. ನನ್ನ ತಮ್ಮನ ಮಗನ ಕಾಗದ ಮುಗ್ಗರಿಸಿದ ಆ ಎಲ್ಲೆಕಲ್ಲಿನ ಬುಡ ಹುಡುಕ್ತಾ ಹೋದರೆ ಇಲ್ಲಿಗೆ ಬಂದು ನಿಲ್ಲುತ್ತೆ.

ಮೈಸೂರಿನ ಕತೆ ನಮಗೆ ಗೊತ್ತಿರಬೇಕು, ನಮ್ಮ ಮಾತಿನ ಸೀಮೆ. ಬೆಂಗಳೂರಿನ ಸೆಂಟ್ರಲ್ ಕಾಲೇಜು, ಮೈಸೂರಿನ ಮಹಾರಾಜಾ ಕಾಲೇಜು ಎರಡೂ ಮದರಾಸಿಗೆ ಸೇರಿದ್ದವು. ಮಹಾರಾಜರ ದುಡ್ಡಲ್ಲಿ ನಡೆಯೋ ಕಾಲೇಜಿನ ಹುಡುಗ ಪಟ್ಟಕ್ಕೆ ಮದರಾಸಿನ ಕಡೆ ನೋಡಬೇಕಿತ್ತು. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಮೈಸೂರು ವಿಶ್ವವಿದ್ಯಾಲಯ ಕಟ್ಟಿದರು. ರಾಜರೇ ಆದರೂ ಬಾಯಿಮಾತಿನಲ್ಲಿ ಆಗು ಅನ್ನಲಿಲ್ಲ, ಕಾನೂನು ಮಾಡಿಸಿ ಕಟ್ಟಿದರು. ಆಮೇಲೆ ಚಿದಂಬರದಲ್ಲಿ ಅಣ್ಣಾಮಲೈ ಚೆಟ್ಟಿಯಾರು ಬೇಕಾದಷ್ಟು ಹಣ ಸುರಿದರು, ಅವರಿಗೂ 1928ರ ಮದರಾಸು ಶಾಸನಸಭೆಯ ಕಾನೂನು ಬೇಕಾಯ್ತು. ಮರುವರ್ಷ ವಿಶ್ವವಿದ್ಯಾಲಯ ಆಯ್ತು.

ಈಗ ನಮ್ಮ ಜಾಗಕ್ಕೆ ಬರ್ತೀನಿ. 1956 ದೊಡ್ಡ ವರ್ಷ. ಭಾಷೆ ನೋಡಿ ರಾಜ್ಯ ಹಂಚಿದ್ದು ಆ ವರ್ಷ, ನಾವು ಈ ಕಡೆ ಉಳಿದೆವು. ನಮ್ಮ ಕಣಿವೆಯಲ್ಲಿ ಹಾಜಿ ಕರುತ್ತ ರಾವುತ್ತರ್ ಅವರ ಹೆಸರಿನ ಹೌದಿಯಾ ಕಾಲೇಜು ಉತ್ತಮಪಾಳ್ಯದಲ್ಲಿ ಆದದ್ದು ಆ ವರ್ಷ. ದಿಲ್ಲಿಯಲ್ಲಿ ಯುಜಿಸಿ ಕಾನೂನು ಬಂದದ್ದೂ ಅದೇ ವರ್ಷ. ಆ ಕಾನೂನಿನ 22ನೇ ಕಲಮು ಎಲ್ಲಾ ಮೇಷ್ಟ್ರುಗಳೂ ಮಕ್ಕಳಿಗೆ ಹೇಳಿಕೊಡಬೇಕಾದದ್ದು. ಪದವಿ ಕೊಡೋ ಹಕ್ಕು ಯಾರಿಗಿದೆ? ಪಾರ್ಲಿಮೆಂಟಿನ ಕಾನೂನಿಂದಲೋ ರಾಜ್ಯದ ಕಾನೂನಿಂದಲೋ ಆದ ವಿಶ್ವವಿದ್ಯಾಲಯಕ್ಕೆ, ಇಲ್ಲಾ ದಿಲ್ಲಿ ಸರ್ಕಾರ ವಿಶ್ವವಿದ್ಯಾಲಯಕ್ಕೆ ಸಮ ಅಂತ ಮಾಡಿದ ಸಂಸ್ಥೆಗೆ, ಇಲ್ಲಾ ಪಾರ್ಲಿಮೆಂಟು ಬೇರೆಯಾಗಿ ಹಕ್ಕು ಕೊಟ್ಟ ಸಂಸ್ಥೆಗೆ. ಬೇರೆ ಯಾರಿಗೂ ಇಲ್ಲ. 23ನೇ ಕಲಮಿನಲ್ಲಿ, ಹಾಗೆ ಆಗದವರು ಹೆಸರಿನಲ್ಲಿ ವಿಶ್ವವಿದ್ಯಾಲಯ ಅನ್ನೋ ಮಾತು ಹಾಕಬಾರದು ಅಂತ ಇದೆ. ತಪ್ಪಿದರೆ 24ನೇ ಕಲಮಿನಲ್ಲಿ ಒಂದು ಸಾವಿರ ರೂಪಾಯಿವರೆಗೆ ದಂಡ. ಸಾವಿರ ರೂಪಾಯಿಗೆ ಈಗ ಒಂದು ಮೇಕೆಮರಿ ಬರಲ್ಲ.

1956ರಲ್ಲೇ ಆದ ಇನ್ನೊಂದು ಕೆಲಸ ದಿಂಡಿಗಲ್ ಹತ್ತಿರ, ಚಿನ್ನಾಳಪಟ್ಟಿ ಪಕ್ಕದ ಗಾಂಧಿಗ್ರಾಮದ್ದು. ಇದನ್ನ ಸ್ವಲ್ಪ ಬಿಡಿಸಿ ಹೇಳಬೇಕು. ಟಿ.ವಿ.ಎಸ್. ಬಸ್ಸಿನ ಸುಂದರಂ ಅಯ್ಯಂಗಾರರ ಮಗಳು ಡಾಕ್ಟರ್ ಸೌಂದರಂ. ಚಿಕ್ಕ ವಯಸ್ಸಲ್ಲೇ ಗಂಡನನ್ನ ಕಳಕೊಂಡು, ದಿಲ್ಲಿಗೆ ಹೋಗಿ ಡಾಕ್ಟರಿಕೆ ಓದಿದ ತಾಯಿ. ಆಮೇಲೆ ಗಾಂಧೀಜಿಯ ಶಿಷ್ಯರು ಜಿ. ರಾಮಚಂದ್ರನ್ ಅವರನ್ನ ಮದುವೆಯಾದರು. ಇಬ್ಬರೂ ಸೇರಿ 1947ರಲ್ಲಿ ಗಾಂಧಿಗ್ರಾಮ ಶುರುಮಾಡಿದರು. ನೆಲ ಕೊಟ್ಟವರು ಚಿನ್ನಾಳಪಟ್ಟಿ ಜನ, ಮಗ್ಗದ ಊರಿನವರು. ಹಳ್ಳಿ ಮಕ್ಕಳಿಗೆ ಹಳ್ಳಿ ಬಿಡಿಸದ ಓದು ಬೇಕು ಅನ್ನೋದು ಅವರ ಹಟ. ಅದೇ ಹೊತ್ತಿಗೆ ದಿಲ್ಲಿಯಲ್ಲೂ ಹಳ್ಳಿ ಕಾಲೇಜುಗಳ ಮಾತು ಎದ್ದಿತ್ತು. ಹಾಗೆ 1956ರಲ್ಲಿ ದೇಶದ ಕೆಲವು ಕಡೆ ಗ್ರಾಮೀಣ ಸಂಸ್ಥೆಗಳು ಅಂತ ಆದವು, ಅದರಲ್ಲಿ ಗಾಂಧಿಗ್ರಾಮವೂ ಒಂದು.

ಆದರೆ ಪಟ್ಟ ಕೊಡೋ ಹಕ್ಕು? ಅದು ಬರಲಿಲ್ಲ. ಮೂರು ವರ್ಷ ಓದಿದ ಹುಡುಗನಿಗೆ ಸಿಗ್ತಿದ್ದದ್ದು ಗ್ರಾಮಸೇವೆಯ ಡಿಪ್ಲೊಮಾ. ಕೆಲಸಕ್ಕೆ ಅದು ಬಿ.ಎ.ಗೆ ಸಮ ಅಂತ ದಿಲ್ಲಿ ಸರ್ಕಾರ ಒಪ್ಪಿತು. ಮುಂದೆ ಎಂ.ಎ. ಓದೋಕೆ ಬೇರೆ ವಿಶ್ವವಿದ್ಯಾಲಯದ ಬಾಗಿಲು ತಟ್ಟಿದರೆ ಅಲ್ಲಿ ಅವರವರ ಲೆಕ್ಕ. ಪಾಠದಲ್ಲಿ ಕೊರತೆ ಇರಲಿಲ್ಲ. ಗಾಂಧೀಜಿ ಜೊತೆ ಇದ್ದವರು ಹೇಳಿದ ಪಾಠ ಅದು. ಆದರೂ ಕಬ್ಬಿನ ಹೊರೆ ಅವರ ಮುಂದೆ ಇಟ್ಟಿರಲಿಲ್ಲ. ಇಪ್ಪತ್ತು ವರ್ಷ ಹೀಗೇ ಕಾದು, 1976ರಲ್ಲಿ ಯುಜಿಸಿ ಕಾನೂನಿನ 3ನೇ ಕಲಮಿನ ಕೆಳಗೆ ಗಾಂಧಿಗ್ರಾಮ ವಿಶ್ವವಿದ್ಯಾಲಯಕ್ಕೆ ಸಮ ಅಂತ ಆಯ್ತು. ಆಮೇಲೆ ತನ್ನ ಪಟ್ಟ ತಾನೇ ಕೊಟ್ಟಿತು. ಸುಮ್ಮನೆ ಒಂದು ಬೋರ್ಡು ಬರೆಸಿಕೊಂಡು ಕೂರೋದು ಅವರಿಗೆ ಕಷ್ಟವಾಗಿತ್ತಾ? ಸೌಂದರಂ ಅಮ್ಮ ದಿಂಡಿಗಲ್ಲಿಂದ ಗೆದ್ದು ದಿಲ್ಲಿಯಲ್ಲಿ ಶಿಕ್ಷಣದ ಉಪಮಂತ್ರಿಯೇ ಆಗಿದ್ದವರು. ಆದರೂ ಕಾದರು. ಔಷಧಿ ಅಂಗಡಿ ಮೇಲಿನ ಮಹಡಿ ನೆನೆದಾಗೆಲ್ಲ ನನಗೆ ಈ ಇಪ್ಪತ್ತು ವರ್ಷ ನೆನಪಾಗುತ್ತೆ.

ಉಳಿದದ್ದು ಬೇಗ ಹೇಳ್ತೀನಿ. 1966ರಲ್ಲಿ ಮಧುರೆಗೇ ವಿಶ್ವವಿದ್ಯಾಲಯ ಬಂತು, ನಮ್ಮ ಕಣಿವೆ ಕಾಲೇಜು ಮದರಾಸು ಬಿಟ್ಟು ಅದಕ್ಕೆ ಸೇರಿತು. ಈಗ ಅದು ಕಾಮರಾಜರ ಹೆಸರಿನದು. 1976ರಲ್ಲಿ ತಮಿಳುನಾಡು ಸರ್ಕಾರ ಖಾಸಗಿ ಕಾಲೇಜುಗಳ ಕಾನೂನು ತಂದಿತು, ಸರ್ಕಾರದ ಅಪ್ಪಣೆ ಇಲ್ಲದೆ ಯಾರೂ ಕಾಲೇಜು ತೆರೆಯೋ ಹಾಗಿಲ್ಲ. ಅಂದರೆ ಕಾಲೇಜಿಗೆ ಎರಡು ಕಾಗದ ಬೇಕು, ಸರ್ಕಾರದ ಅಪ್ಪಣೆ ಒಂದು, ವಿಶ್ವವಿದ್ಯಾಲಯದ ಸೇರ್ಪಡೆ ಇನ್ನೊಂದು. ಇಂಜಿನಿಯರಿಂಗು, ನರ್ಸಿಂಗು, ಬಿ.ಎಡ್. ಆದರೆ ಅದರದ್ದೇ ಕೌನ್ಸಿಲಿನ ಒಪ್ಪಿಗೆ ಬೇರೆ. 1984ರಲ್ಲಿ ಕೊಡೈಕಾನಲ್ ಬೆಟ್ಟದ ಮೇಲೆ ಹೆಂಗಸರಿಗೆ ಅಂತಲೇ ಮದರ್ ತೆರೇಸಾ ವಿಶ್ವವಿದ್ಯಾಲಯ ಆದದ್ದೂ ರಾಜ್ಯದ ಕಾನೂನಿನಿಂದ.

ರಾಜ್ಯದ ಕಾನೂನು ಅಂದ ಮೇಲೆ ಛತ್ತೀಸಗಢದ ಮಾತು ಹೇಳಲೇಬೇಕು. ಹೊಸ ರಾಜ್ಯ ಅದು, 2002ರಲ್ಲಿ ಒಂದು ಕಾನೂನು ಮಾಡಿತು. ಅರ್ಜಿ ಕೊಟ್ಟವರಿಗೆ ಸರ್ಕಾರದ ಒಂದು ಪ್ರಕಟಣೆಯಲ್ಲೇ ವಿಶ್ವವಿದ್ಯಾಲಯ. ನೋಡ್ತಾ ನೋಡ್ತಾ 112 ಆದವು! ಎಷ್ಟಕ್ಕೋ ಕಟ್ಟಡವೇ ಇಲ್ಲ, ಒಂದು ಕೋಣೆಯಲ್ಲಿ ನಡೀತಿದ್ದವು. ವಿಜ್ಞಾನಿ ಯಶಪಾಲ್, ಹಿಂದೆ ಯುಜಿಸಿ ಅಧ್ಯಕ್ಷರಾಗಿದ್ದವರು, ಸುಪ್ರೀಂ ಕೋರ್ಟಿಗೆ ಹೋದರು. 2005ರ ಫೆಬ್ರವರಿ 11ರಂದು ತೀರ್ಪು ಬಂತು. ಆ ಕಾನೂನಿನ ಮುಖ್ಯ ಕಲಮುಗಳು ಬಿದ್ದವು, ಅದರ ಮೇಲೆ ನಿಂತ ವಿಶ್ವವಿದ್ಯಾಲಯಗಳೂ ಬಿದ್ದವು. ಒಂದು ರಾಜ್ಯದ ಶಾಸನಸಭೆ ತನ್ನ ಗಡಿಯಾಚೆಗೆ ಕೇಂದ್ರ ತೆರೆಯೋ ಹಕ್ಕು ಕೊಡೋಕಾಗಲ್ಲ ಅಂತಲೂ ಕೋರ್ಟು ಹೇಳಿತು.

2005 ಅಂದೆ ನೋಡಿ. ನಾನು ನನ್ನ ಹುಡುಗನನ್ನ ಆ ಮಹಡಿ ಹತ್ತಿಸಿದ್ದು 2008ರಲ್ಲಿ. ತೀರ್ಪು ಬಂದು ಮೂರು ವರ್ಷ ಆಗಿತ್ತು. ಪೇಪರಿನಲ್ಲೂ ಬಂದಿತ್ತು. ನಾನು ಓದಿರಲಿಲ್ಲ. ಬೋರ್ಡು ಹಾಕಿದವನು ಓದಿರಲಿಲ್ಲ ಅಂತ ನಾನು ನಂಬಲ್ಲ. ರಾಜ್ಯ ದಾಟಿ ಓದು ಕೇಂದ್ರ ನಡೆಸಬೇಡಿ ಅಂತ ಯುಜಿಸಿ 2013ರಲ್ಲಿ ಮತ್ತೆ ಪ್ರಕಟಣೆ ಕೊಟ್ಟಿತು, ಅಷ್ಟರಲ್ಲಿ ನಮ್ಮದು ಮುಗಿದಿತ್ತು.

ಸಮ ಅಂತ ಆದ ಸಂಸ್ಥೆಗಳೂ ಎಲ್ಲೆ ಮೀರಿವೆ. ಅಂಥ ನಾಲ್ಕು ಸಂಸ್ಥೆಗಳು ಒಪ್ಪಿಗೆ ಇಲ್ಲದೆ ಅಂಚೆ ಮೂಲಕ ಇಂಜಿನಿಯರಿಂಗ್ ಪದವಿ ಕೊಟ್ಟಿದ್ದವು, ಅದರಲ್ಲಿ ಒಂದು ನಮ್ಮ ಸೇಲಂನದು. 2017ರ ನವೆಂಬರ್ 3ರಂದು ಸುಪ್ರೀಂ ಕೋರ್ಟು 2001ರಿಂದ 2005ರೊಳಗೆ ಸೇರಿದವರ ಪದವಿ ತಡೆಹಿಡಿದು ಮತ್ತೆ ಪರೀಕ್ಷೆ ಬರೀರಿ ಅಂದಿತು, ಆಮೇಲೆ ಸೇರಿದವರದ್ದು ರದ್ದೇ ಮಾಡಿತು. ಸಮ ಅಂತ ಆದವರು ಹೆಸರಿನಲ್ಲಿ ವಿಶ್ವವಿದ್ಯಾಲಯ ಅಂತ ಹಾಕಬಾರದು ಅಂತಲೂ ಅಂದಿತು. ಹಾಗಾಗಿ ಯಾವ ತಪ್ಪೂ ಮಾಡದ ಗಾಂಧಿಗ್ರಾಮವೂ ತನ್ನ ಹೆಸರನ್ನ ಗ್ರಾಮೀಣ ಸಂಸ್ಥೆ ಅಂತಲೇ ಬರೀಬೇಕು, ಪಕ್ಕದಲ್ಲಿ ಕಂಸ ಹಾಕಿ ವಿಶ್ವವಿದ್ಯಾಲಯಕ್ಕೆ ಸಮ ಅಂತ. ನಮ್ಮ ಜನ ಈಗಲೂ ಯೂನಿವರ್ಸಿಟಿ ಅಂತಲೇ ಅಂತಾರೆ, ಬಾಯಿಗೆ ಯಾವ ಕಲಮು?

ನನಗೂ ಒಂದು ಪಟ್ಟ ಬರೋದಿತ್ತು, ಅದನ್ನೂ ಹೇಳಿಬಿಡ್ತೀನಿ. ನಾಲ್ಕು ವರ್ಷದ ಹಿಂದೆ ಒಬ್ಬರು ಫೋನು ಮಾಡಿ, ಜಾನಪದ ಹಾಡಿನ ಸೇವೆಗೆ ನಿಮಗೆ ಗೌರವ ಡಾಕ್ಟರೇಟ್ ಬಂದಿದೆ, ಹೊಟೇಲಿನಲ್ಲಿ ಸಮಾರಂಭ, ಗೌನು ಟೋಪಿ ಎಲ್ಲಾ ನಾವೇ ಕೊಡ್ತೀವಿ, ಹದಿನೈದು ಸಾವಿರ ಕಟ್ಟಿ ಅಂದರು. "ನಿಮ್ಮ ವಿಶ್ವವಿದ್ಯಾಲಯ ಯಾವ ಕಾನೂನಿಂದ ಆದದ್ದು ಸ್ವಾಮಿ, ಯಾವ ವರ್ಷ?" ಅಂದೆ. ಫೋನು ಇಟ್ಟುಬಿಟ್ಟರು. 2022ರ ನವೆಂಬರಿನಲ್ಲಿ ನಮ್ಮ ಪಣ್ಣೈಪುರದ ಇಳಯರಾಜಾ ಅವರಿಗೆ ಗಾಂಧಿಗ್ರಾಮದಲ್ಲಿ ಪ್ರಧಾನಮಂತ್ರಿಗಳ ಕೈಯಿಂದ ಗೌರವ ಡಾಕ್ಟರೇಟ್ ಆಯ್ತು. ಅದು ಹಕ್ಕಿದ್ದವರು ಕೊಟ್ಟ ಪಟ್ಟ. ಅವತ್ತು ನಮ್ಮ ಕಣಿವೆಯಲ್ಲಿ ಹಾಡೋರಿಗೆಲ್ಲ ತಲೆ ಸ್ವಲ್ಪ ಎತ್ತರ ಆಗಿತ್ತು.

ನನ್ನ ತಮ್ಮನ ಮಗ ಈಗ ಜೀಪು ಓಡಿಸ್ತಾನೆ, ಬೆಳಗಿನ ಜಾವ ಏಲಕ್ಕಿ ತೋಟಕ್ಕೆ ಕೂಲಿಯವರನ್ನ ಕುಮಿಳಿ ಗಡಿ ದಾಟಿಸಿ ಕೇರಳಕ್ಕೆ ಕರಕೊಂಡು ಹೋಗಿ ಸಂಜೆ ತರ್ತಾನೆ. ಆ ಕಾಗದ ಬೀರುವಿನಲ್ಲಿ ಹಾಗೇ ಇದೆ, ಬಿಸಾಕೋಕೆ ಮನಸ್ಸಿಲ್ಲ ಅಂತಾನೆ. ಅವನ ತಂಗಿಯ ಮಗಳು ಹೋದ ವರ್ಷ ಹನ್ನೆರಡು ಮುಗಿಸಿದಳು. ಕಾಲೇಜಿಗೆ ಸೇರಿಸೋಕೆ ಅವನೂ ನಾನೂ ಹೋದೆವು. ಫೀಜಿನ ಕಿಟಕಿ ಹತ್ತಿರ ನಾನು ದುಡ್ಡು ತೆಗೆದೆ. ಅವನು ನನ್ನ ಕೈ ಹಿಡಿದು ನಿಲ್ಲಿಸಿ, ಒಳಗಿದ್ದ ಗುಮಾಸ್ತರನ್ನ ಕೇಳಿದ, "ಸಾರ್, ಸರ್ಕಾರದ ಅಪ್ಪಣೆ ನಂಬರು, ವಿಶ್ವವಿದ್ಯಾಲಯದ ಸೇರ್ಪಡೆ ಕಾಗದ, ಎರಡೂ ನೋಡಬಹುದಾ? ಈ ಕೋರ್ಸಿನದ್ದು, ಈ ವರ್ಷದ್ದು." ಹಿಂದೆ ಸಾಲಿನಲ್ಲಿದ್ದವರು ಗೊಣಗಿದರು. ಗುಮಾಸ್ತರು ಅವನ ಮುಖ ಒಂದು ಸಲ ನೋಡಿದರು, ಎದ್ದು ಹೋಗಿ ಫೈಲು ತಂದರು. ಅವನು ಸಾಲು ಸಾಲಾಗಿ ಓದಿದ, ತಾರೀಕು ಬರಕೊಂಡ. ಆಮೇಲೆ ನನ್ನ ಕಡೆ ತಿರುಗಿ, "ಈಗ ಕಟ್ಟು ದೊಡ್ಡಪ್ಪ" ಅಂದ.